‘ಆಪರೇಷನ್ ಡೈಮಂಡ್ ರಾಕೆಟ್’ ಕ್ಯಾಸೆಟ್: ಬೂಷ್ಟು, ಕೆಂಪು ಚಿತ್ರ, ಏರಿದ ಶ್ರುತಿ. ಯಾವುದರಿಂದ ಶುರು ಮಾಡುವುದು?

ಕಟಪಾಡಿ_ವಿಸಿಆರ್

1978ರ ‘ಆಪರೇಷನ್ ಡೈಮಂಡ್ ರಾಕೆಟ್’ನ ವಿಎಚ್‌ಎಸ್ ಕ್ಯಾಸೆಟ್ ಉಂಟು, ಇ-180 (ಮೂರು ಗಂಟೆಯದ್ದು). ಡಾ. ರಾಜ್‌ಕುಮಾರ್ ಸಿಐಡಿ 999 ಆಗಿ ಬರುವ ಸರಣಿಯದ್ದು, ಬಣ್ಣದ ಚಿತ್ರ. ಕಂಪ್ಯೂಟರಿಗೆ ಇಳಿಸಬೇಕು. ವಿಸಿಆರ್‌ನ ಹಳದಿ ಪಿನ್ನಿನಿಂದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್‌ಗೆ ಕೊಟ್ಟಿದ್ದೇನೆ, ಆಡಿಯೊ ಮಾತ್ರ ಕಂಪ್ಯೂಟರಿನ ಮೈಕ್ ಜ್ಯಾಕ್‌ಗೆ.

ತೊಂದರೆ ಒಂದೆರಡಲ್ಲ. ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿದರೆ ರೀಲಿನ ಅಂಚಿಗೆ ಬಿಳಿ ಪುಡಿ ಕಾಣ್ತದೆ (ಡಬ್ಬದಲ್ಲಿ ನುಸಿಗುಳಿಗೆ ಹಾಕಿಯೇ ಇಟ್ಟದ್ದು). ಚಿತ್ರದ ಮೇಲಂಚು ಬಲಕ್ಕೆ ಬಾಗ್ತದೆ, ಎಲ್‌ಇಡಿ ಟಿವಿಗೆ ಹಾಕಿದರೆ ನಡುನಡುವೆ ನೀಲಿ ಪರದೆ ಬರ್ತದೆ. ಇಡೀ ಚಿತ್ರ ಕೆಂಪು, ಕಪ್ಪು ಕೋಟು ಕೂಡ ಕುಂಕುಮದ ಬಣ್ಣಕ್ಕೆ ತಿರುಗಿದೆ. ‘ಇಫ್ ಯು ಕಮ್ ಟುಡೇ’ ಹಾಡಿನಲ್ಲಿ ರಾಜ್ ಅವರ ದನಿ ಸ್ವಲ್ಪ ತೆಳು ಕೇಳ್ತದೆ. ಒಂದು ಗಂಟೆ ಕಳೆಯುವಾಗ ತುಟಿಗೂ ಮಾತಿಗೂ ತಾಳ ಇಲ್ಲ. ಯಾವುದನ್ನು ಮೊದಲು ಹಿಡಿಯುವುದು?

ಬಿಜೈ ಬೆಂಚ್

ಮೊದಲು ಕ್ಯಾಸೆಟ್ ಹೊರಗೆ ತೆಗೆಯಿರಿ ಮಾರಾಯ್ರೆ. ಬಣ್ಣ, ಶ್ರುತಿ ಎಲ್ಲ ಆಮೇಲೆ.

ಆ ಬಿಳಿ ಪುಡಿ ಬೂಷ್ಟು. ವಿಸಿಆರ್ ಒಳಗೆ ಹೆಡ್ ಇರುವ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗ್ತದೆ, ಟೇಪು ಅದನ್ನು ಅಪ್ಪಿಕೊಂಡೇ ಹೋಗುವುದು. ಪುಡಿ ಹೆಡ್‌ನ ಸೀಳಿಗೆ ಕೂತರೆ ಚಿತ್ರ ಮಾಯ. ಅದಕ್ಕಿಂತ ಕೆಟ್ಟದ್ದೆಂದರೆ ಅಂಚಿನಲ್ಲಿ ಅಂಟಿಕೊಂಡ ಸುತ್ತುಗಳು ಬಿಚ್ಚುವಾಗ ಟೇಪು ಹರಿಯಬಹುದು. ಇದೇ ಮೆಷಿನ್‌ಗೆ ಇನ್ನೊಂದು ಕ್ಯಾಸೆಟ್ ಹಾಕಿದರೆ ಅದಕ್ಕೂ ಬೂಷ್ಟು ದಾಟ್ತದೆ. ನುಸಿಗುಳಿಗೆ ಹುಳಕ್ಕೆ ಮದ್ದು, ಫಂಗಸ್‌ಗೆ ಅಲ್ಲ. ನಮ್ಮ ಕರಾವಳಿಯಲ್ಲಿ ಕ್ಯಾಸೆಟ್ ಹಾಳು ಮಾಡುವುದು ಮಳೆಗಾಲದ ತೇವ, ಅದನ್ನು ನುಸಿಗುಳಿಗೆ ಹೀರುವುದಿಲ್ಲ.

ಮೊದಲ ಕೆಲಸ ಒಣಗಿಸುವುದು. ಗಾಳಿಯಾಡದ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹರಡಿ, ಕ್ಯಾಸೆಟ್ ನಿಲ್ಲಿಸಿ, ಹತ್ತು ಹದಿನೈದು ದಿನ ಮುಚ್ಚಿಡಿ. ಬಣ್ಣ ಬದಲಾಯಿಸುವ ಜೆಲ್ ತಗೊಂಡರೆ ಒಳ್ಳೆಯದು. ನೀಲಿಯದ್ದು ಗುಲಾಬಿಗೆ ತಿರುಗಿದರೆ ತುಂಬಿದೆ ಎಂದು ಅರ್ಥ, ಒಲೆಯಲ್ಲಿ ಮೆಲ್ಲಗೆ ಬಿಸಿ ಮಾಡಿ ಪುನಃ ಬಳಸಬಹುದು. ಕ್ಯಾಸೆಟನ್ನು ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಬೇಡವೇ ಬೇಡ. ಒಣಗಿದ ಬೂಷ್ಟು ಅಂಟುವುದಿಲ್ಲ, ಪುಡಿಯಾಗಿ ಉದುರ್ತದೆ. ಒದ್ದೆ ಇರುವಾಗ ಒರಸಿದರೆ ಬಳಿದ ಹಾಗೆ ಆಗ್ತದೆ.

ಮತ್ತೆ ಒರಸುವುದು. ಅಂಗಳದಲ್ಲಿ ಕೂತು ಮಾಡಿ, ಎನ್95 ಮಾಸ್ಕ್ ಹಾಕಿ. ಈ ಪುಡಿ ಎದೆಗೆ ಒಳ್ಳೆಯದಲ್ಲ. ಕ್ಯಾಸೆಟ್ ಅಡಿಯಲ್ಲಿ ಐದು ಸ್ಟಾರ್ ಸ್ಕ್ರೂ ಇರ್ತವೆ. ಬಿಚ್ಚುವ ಮೊದಲು ಮೊಬೈಲಲ್ಲಿ ಫೋಟೊ ತೆಗೆಯಿರಿ, ಮುಚ್ಚಳದ ಸಣ್ಣ ಸ್ಪ್ರಿಂಗ್ ಹಾರಿದರೆ ಹುಡುಕುವುದು ಕಷ್ಟ. ರೀಲಿನ ಪಕ್ಕವನ್ನು ಮೆತ್ತನೆ ಬ್ರಷ್‌ನಿಂದ ಒಣದಾಗಿಯೇ ಗುಡಿಸಿ. ಟೇಪನ್ನು ಮಾತ್ರ ಇನ್ನೊಂದು ಒಳ್ಳೆಯ ಖಾಲಿ ಶೆಲ್‌ಗೆ ದಾಟಿಸಿ, ಹಳೆಯ ಶೆಲ್ ಬಿಸಾಡಿ. ಆಮೇಲೆ ಪ್ರತ್ಯೇಕ ರಿವೈಂಡರ್ ಸಿಕ್ಕರೆ ಅದರಲ್ಲಿ ಸುತ್ತಿಸುತ್ತಾ, ನೂಲು ಬಿಡದ ಬಟ್ಟೆಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ (ಐಪಿಎ) ತಾಗಿಸಿ ಟೇಪಿನ ಎರಡೂ ಬದಿಗೆ ಹಗುರವಾಗಿ ಹಿಡಿಯಿರಿ. ಇ-180ರಲ್ಲಿ ಸುಮಾರು 250 ಮೀಟರ್ ಟೇಪು ಇರ್ತದೆ, ಬಟ್ಟೆಯ ಜಾಗ ಬದಲಾಯಿಸುತ್ತಲೇ ಇರಬೇಕು. ಟೇಪು ರೀಲಿಗೆ ಸುತ್ತುವ ಮೊದಲು ಐಸೊಪ್ರೊಪೈಲ್ ಆರಿರಬೇಕು, ಅಷ್ಟು ಕಡಿಮೆ ತಾಗಿಸಿದರೆ ಸಾಕು. ಈ ಕೆಲಸ ಪತ್ತನಾಜೆಯ (ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ತುಳುನಾಡಿನ ದಿನ) ಮೊದಲೇ ಮುಗಿಸಿ. ಆಟಿ ತಿಂಗಳ ಮಳೆಯಲ್ಲಿ ಒಣಗಿಸಲಿಕ್ಕೆ ಹೊರಟರೆ ಜೆಲ್‌ಗೂ ಸುಸ್ತು.

ಕಟಪಾಡಿ_ವಿಸಿಆರ್

ಮನೆಯಲ್ಲಿ ಸರ್ಜಿಕಲ್ ಸ್ಪಿರಿಟ್ ಉಂಟು, ಸ್ಯಾನಿಟೈಸರ್ ಉಂಟು. ಆಗ್ಲಿಕ್ಕಿಲ್ಲವಾ? ಮತ್ತೆ ಈಗಾಗಲೇ ಒಂದು ಗಂಟೆ ಓಡಿಸಿದ ಮೆಷಿನ್‌ಗೆ ಎಂತ ಮಾಡುವುದು?

ಬಿಜೈ ಬೆಂಚ್

ಎರಡೂ ಬೇಡ. ಸ್ಪಿರಿಟ್‌ನಲ್ಲಿ ನೀರು, ಸ್ಯಾನಿಟೈಸರ್‌ನಲ್ಲಿ ನೀರಿನ ಜೊತೆ ಗ್ಲಿಸರಿನ್. ಗ್ಲಿಸರಿನ್ ಟೇಪಿನ ಮೇಲೆ ಉಳಿದರೆ ಬೂಷ್ಟಿಗೆ ಪುನಃ ಊಟ ಹಾಕಿದ ಹಾಗೆ. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಎಂದು ಕೇಳಿ, ಕೊಡ್ತಾರೆ.

ಮೆಷಿನ್‌ನ ಪ್ಲಗ್ ತೆಗೆದು ಮೇಲಿನ ಮುಚ್ಚಳ ಬಿಚ್ಚಿ. ಡ್ರಮ್ಮಿನ ಹತ್ತಿರ ಇಯರ್ ಬಡ್ ತರಬೇಡಿ, ಅದರ ಎಳೆ ಹೆಡ್‌ನ ಫೆರೈಟ್ ತುದಿಗೆ ಸಿಕ್ಕಿ ಮುರಿಯುವುದು ಉಂಟು. ಶಾಮಿ ಚರ್ಮ ಇಲ್ಲವೆ ದಪ್ಪ ಕಾಗದವನ್ನು ಐಪಿಎಯಲ್ಲಿ ನೆನೆಸಿ ಡ್ರಮ್ಮಿಗೆ ಒತ್ತಿ ಅಲ್ಲಾಡಿಸದೆ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಡ್ರಮ್ಮಿನ ಮೇಲ್ಭಾಗ ಹಿಡಿದು ಅಡ್ಡಕ್ಕೆ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಹೋಯಿತು ಎಂದೇ ಲೆಕ್ಕ. ಗೈಡ್ ಪೋಸ್ಟ್, ಆಡಿಯೊ ಹೆಡ್, ಕ್ಯಾಪ್‌ಸ್ಟನ್ ಇವಕ್ಕೆ ಬಡ್ ಆಗ್ತದೆ. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್‌ನ ರಬ್ಬರ್ ಕನ್ನಡಿಯ ಹಾಗೆ ಹೊಳೀತಾ ಇದ್ದರೆ ಬದಲಾಯಿಸಿ. ಟೇಪು ಮಡಚಿ ನುಂಗುವುದು ಹೆಚ್ಚಾಗಿ ಅದೇ. ‘ಡ್ಯೂ’ ಎಂದು ತೋರಿಸಿ ಮೆಷಿನ್ ಓಡದಿದ್ದರೆ ಕೆಟ್ಟಿದೆ ಎಂದು ತಿಳಿಯಬೇಡಿ. ಡ್ರಮ್ಮಿನ ಮೇಲೆ ತೇವ ಕೂತಿದೆ, ಸ್ವಿಚ್ ಹಾಕಿ ಒಂದೆರಡು ಗಂಟೆ ಬಿಡಿ.

ಐವತ್ತು ಫೀಲ್ಡ್

ಟೇಪು ಕ್ಲೀನ್ ಆದ ಮೇಲೆ ಇದನ್ನು ಓದಿ.

ತುಟಿ-ಮಾತಿನ ತಾಳ ತಪ್ಪಲಿಕ್ಕೆ ಕಾರಣ ನೀವೇ ಬರೆದಿದ್ದೀರಿ: ವಿಡಿಯೊ ಸ್ಟಿಕ್‌ನಿಂದ, ಆಡಿಯೊ ಮೈಕ್ ಜ್ಯಾಕ್‌ನಿಂದ. ಎರಡಕ್ಕೂ ಬೇರೆ ಬೇರೆ ಗಡಿಯಾರ. ಆಡಿಯೊ ಪಿನ್ನುಗಳನ್ನೂ ಸ್ಟಿಕ್‌ಗೇ ಕೊಡಿ. ಆಮೇಲೂ ತಪ್ಪಿದರೆ ಹೇಗೆ ತಪ್ಪುತ್ತದೆ ನೋಡಿ. ನಿಧಾನಕ್ಕೆ ಜಾಸ್ತಿಯಾಗುತ್ತಾ ಹೋದರೆ ಗಡಿಯಾರದ ದೋಷ. ಒಂದೊಂದು ಜಾಗದಲ್ಲಿ ಹಾರಿದರೆ ಫ್ರೇಮ್ ಬಿದ್ದು ಹೋಗಿದೆ. ಇಳಿಸಲಿಕ್ಕೆ ಬಳಸುವ ವರ್ಚುವಲ್‌ಡಬ್ ಸಾಫ್ಟ್‌ವೇರಿನಲ್ಲಿ ಬಿದ್ದ ಫ್ರೇಮ್, ಸೇರಿಸಿದ ಫ್ರೇಮ್ ಎರಡರ ಲೆಕ್ಕವೂ ಪಕ್ಕದಲ್ಲೇ ಕಾಣ್ತದೆ, ಅದನ್ನೇ ನೋಡ್ತಾ ಇರಿ.

ಮೇಲಂಚು ಬಾಗುವುದು, ನೀಲಿ ಪರದೆ, ಫ್ರೇಮ್ ಬೀಳುವುದು ಮೂರಕ್ಕೂ ಬೇರು ಒಂದೇ. ಹಳೆಯ ಟೇಪಿನಿಂದ ಬರುವ ಸಿಂಕ್ (ಪ್ರತಿ ಗೆರೆ, ಪ್ರತಿ ಚಿತ್ರ ಎಲ್ಲಿಂದ ಶುರು ಎಂದು ಹೇಳುವ ಸಂಕೇತ) ಅಲುಗಾಡ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಅದನ್ನು ಹೇಗೋ ಸಹಿಸಿಕೊಳ್ತಿತ್ತು, ಎಲ್‌ಇಡಿ ಟಿವಿ ‘ಸಿಗ್ನಲ್ ಇಲ್ಲ’ ಎಂದು ಕೈ ಚೆಲ್ತದೆ. ಅದನ್ನು ನೇರ ಮಾಡುವ ಟೈಮ್ ಬೇಸ್ ಕರೆಕ್ಟರ್ ಎಂಬ ಪೆಟ್ಟಿಗೆ ಇದ್ದರೆ ಉತ್ತಮ, ಆದರೆ ದುಬಾರಿ. ಹಳೆಯ ಡಿವಿಡಿ ರೆಕಾರ್ಡರ್ (ಪ್ಲೇಯರ್ ಅಲ್ಲ) ಸಿಕ್ಕರೆ ವಿಸಿಆರ್‌ಗೂ ಸ್ಟಿಕ್‌ಗೂ ನಡುವೆ ಇಡಿ. ಕೆಲವು ರೆಕಾರ್ಡರ್‌ಗಳು ಒಳಗೆ ಬಂದ ಚಿತ್ರದ ಗೆರೆಗಳನ್ನು ನೇರ ಮಾಡಿ ಹೊರಗೆ ಬಿಡ್ತವೆ. ಆಟೋ ಟ್ರ್ಯಾಕಿಂಗ್ ಆಫ್ ಮಾಡಿ, ಕೈಯಲ್ಲೇ ತಿರುಗಿಸಿ ಗೆರೆ ಕೆಳಗೆ ಇಳಿಸಿ. ತೀರಾ ಕೆಳಗಿನ ಏಳೆಂಟು ಗೆರೆ ಹರಿದ ಹಾಗೆ ಕಂಡರೆ ಮಂಡೆ ಬಿಸಿ ಬೇಡ, ಅದು ಹೆಡ್ ಬದಲಾಗುವ ಜಾಗ, ಎಲ್ಲ ವಿಎಚ್‌ಎಸ್‌ನಲ್ಲೂ ಇರ್ತದೆ. ಕೊನೆಗೆ ಕಪ್ಪು ಪಟ್ಟಿ ಹಾಕಿ ಮುಚ್ಚಿ.

ಇಳಿಸುವ ಸೆಟ್ಟಿಂಗ್: 720×576, ಸೆಕೆಂಡಿಗೆ 25 ಫ್ರೇಮ್, ಚಿತ್ರದ ಗುಣ ಕಳೆಯದ ಹಫ್‌ವೈಯುವಿ ಕೋಡೆಕ್. ಗಂಟೆಗೆ 30ರಿಂದ 40 ಜಿಬಿ ತಿನ್ನುತ್ತದೆ, ಆದ್ದರಿಂದ ಡಿಸ್ಕ್ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32 ಆದರೆ 4 ಜಿಬಿಗೆ ನಿಂತುಬಿಡ್ತದೆ. ಜಾಗ ಇಲ್ಲ ಎಂದು ನೇರ ಎಂಪಿ4ಗೆ ಇಳಿಸಬೇಡಿ, ಟೇಪಿನ ಗುಳ್ಳೆಗುಳ್ಳೆ ನಾಯ್ಸ್‌ಗೇ ಬಿಟ್‌ರೇಟ್ ಎಲ್ಲ ಖರ್ಚಾಗಿ ಮುಖಗಳು ಮೇಣದ ಹಾಗೆ ಆಗ್ತವೆ. ಬಣ್ಣ, ಬ್ರೈಟ್‌ನೆಸ್ ಯಾವುದನ್ನೂ ಇಳಿಸುವಾಗ ಮುಟ್ಟಬಾರದು. ತಿದ್ದುವುದೆಲ್ಲ ಕಾಪಿಯ ಮೇಲೆ.

ಕೊಡಿಯಾಲ್ ರೀಲ್

ಕೆಂಪು ಬಣ್ಣ ಟೇಪಿನ ದೋಷ ಅಲ್ಲ, ವಿಸಿಆರ್‌ದೂ ಅಲ್ಲ. ಕ್ಯಾಸೆಟ್ ಮಾಡುವಾಗ ಬಳಸಿದ ಥಿಯೇಟರ್ ಪ್ರಿಂಟೇ ಆಗಲೇ ಮಾಸಿತ್ತು ಎಂದು ಕಾಣ್ತದೆ. ಆ ಕಾಲದ ಈಸ್ಟ್‌ಮನ್‌ಕಲರ್ ಪ್ರಿಂಟ್‌ಗಳಲ್ಲಿ ಮೂರು ಬಣ್ಣದ ಪದರ. ಸೆಕೆ, ತೇವ ಎರಡೂ ಸೇರಿದಲ್ಲಿ ಸಯಾನ್ ಪದರ ಮೊದಲು ಕರಗ್ತದೆ. ಸಯಾನ್ ಕೆಂಪನ್ನು ತಡೆಯುವ ಬಣ್ಣ. ಅದು ಹೋದರೆ ಕೆಂಪು ಬೆಳಕು ಸಲೀಸಾಗಿ ದಾಟ್ತದೆ, ಅದಕ್ಕೇ ಕಪ್ಪು ಕೋಟು ಕುಂಕುಮ ಆದದ್ದು.

ಟಿವಿಯ ಟಿಂಟ್ ತಿರುಗಿಸಿದರೆ ಇದು ಸರಿಯಾಗುವುದಿಲ್ಲ, ಕಪ್ಪು ಸರಿಯಾಗುವಷ್ಟರಲ್ಲಿ ಬಿಳಿ ಹಸಿರಾಗ್ತದೆ. ಬಣ್ಣ ತಿದ್ದುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಪೆರೇಡ್ ಸ್ಕೋಪ್ (ಮೂರು ಬಣ್ಣದ ಮಟ್ಟ ಪಕ್ಕಪಕ್ಕ ತೋರಿಸುವ ನಕ್ಷೆ) ತೆರೆದು ಕೆಂಪು, ಹಸಿರು, ನೀಲಿ ಮೂರರ ತಳ ನೋಡಿ. ಕೆಂಪಿನ ತಳ ಮೇಲೆ ತೇಲುತ್ತಾ ಇರ್ತದೆ. ಲಿಫ್ಟ್‌ನಲ್ಲಿ (ಕಪ್ಪು ಭಾಗದ ಹೊಂದಾಣಿಕೆ) ಕೆಂಪನ್ನು ಮಾತ್ರ ಇಳಿಸಿ ಮೂರರ ತಳ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಗೇನ್‌ನಲ್ಲಿ (ಬಿಳಿ ಭಾಗದ್ದು) ಮೂರರ ತಲೆ ಸಮ ಮಾಡಿ. ಗಾಮಾ (ನಡುವಿನ ಛಾಯೆಯದ್ದು) ಕೊನೆಗೆ, ಮುಖದ ಬಣ್ಣ ನೋಡಿಕೊಂಡು. ಮಾಸಿ ಹೋದ ಬಣ್ಣ ಪೂರ್ತಿ ಬರುವುದಿಲ್ಲ, ಆಕಾಶಕ್ಕೆ ಮುಕ್ಕಾಲು ಪಾಲು ನೀಲಿ ಸಿಕ್ಕಿದರೂ ನಿಲ್ಲಿಸಿ. ಇನ್ನೂ ಎಳೆದರೆ ನಾಯ್ಸ್ ಮಾತ್ರ ಏಳ್ತದೆ.

ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿ ಹಾಕಬೇಡಿ. ರೀಲಿನಿಂದ ರೀಲಿಗೆ ಮಾಸಿದ್ದು ಬೇರೆ ಬೇರೆ ಇರ್ತದೆ. 1000 ಅಡಿ ರೀಲು ಎಂದರೆ 16000 ಫ್ರೇಮು, 25ರಲ್ಲಿ ಓಡಿದರೆ 10 ನಿಮಿಷ 40 ಸೆಕೆಂಡ್. ಹೆಚ್ಚುಕಡಿಮೆ ಆ ಅಂತರದಲ್ಲಿ ಗೀರು, ಕಲೆ ಜಾಸ್ತಿಯಾಗಿ ಬಣ್ಣ ಸಟ್ಟನೆ ಬದಲಾದರೆ ಅಲ್ಲಿಗೆ ರೀಲು ಮುಗಿದಿದೆ. ಬಲ ಮೇಲ್ಮೂಲೆಯಲ್ಲಿ ದುಂಡು ಗುರುತು ಮಿಂಚಿದರೂ ಅದೇ ಅರ್ಥ. ಅಲ್ಲಲ್ಲಿ ಕತ್ತರಿಸಿ ಪ್ರತಿ ತುಂಡಿಗೂ ಬೇರೆ ತಿದ್ದುಪಡಿ ಕೊಡಿ.

ಶ್ರುತಿಗೆ ಕಾರಣವೂ ಈ 25. ಫಿಲ್ಮು 24 ಫ್ರೇಮಿನದ್ದು, ನಮ್ಮ ಪಾಲ್ ಪದ್ಧತಿಯ ಟಿವಿ 25ರದ್ದು. ಓಟ ನೂರಕ್ಕೆ ನಾಲ್ಕು ಜಾಸ್ತಿ, ಶ್ರುತಿ ಮುಕ್ಕಾಲು ಸೆಮಿಟೋನ್‌ನ ಹತ್ತಿರ ಏರ್ತದೆ. ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೆ ಮುಗೀತದೆ. ವಿಡಿಯೊ 24ಕ್ಕೆ ಇಳಿಸಿ, ಆಡಿಯೊ 0.96 ವೇಗಕ್ಕೆ ತನ್ನಿ.

ಐವತ್ತು ಫೀಲ್ಡ್

ಕೊಡಿಯಾಲ್‌ನವರು ಹೇಳಿದ್ದು ಸರಿ, ಆದರೆ ಅಳೆಯದೆ ಇಳಿಸಬೇಡಿ. ವಿಸಿಆರ್‌ನ ಓಟವೇ ಹೆಚ್ಚುಕಡಿಮೆ ಇದ್ದರೆ? ಜಿ.ಕೆ. ವೆಂಕಟೇಶ್ ಸಂಗೀತದ ಆ ಹಾಡಿನ ಆಡಿಯೊ ಬಿಡುಗಡೆ ಸಿಗ್ತದೆ. ಕೀಬೋರ್ಡಿನಲ್ಲಿ ಅದರ ಒಂದು ಉದ್ದ ಸ್ವರ ಹಿಡಿದು ಟೇಪಿನದ್ದಕ್ಕೆ ಹೋಲಿಸಿ. ಹಾಡಿನ ಉದ್ದ ಹೋಲಿಸುವುದು ಬೇಡ, ಚಿತ್ರದಲ್ಲಿ ಹಾಡು ಕತ್ತರಿಸಿರಬಹುದು. ವಿಸಿಡಿಗೆ ಹೋಲಿಸಿದರೂ ಉಪಯೋಗ ಇಲ್ಲ, ಅದೂ 25ರದ್ದೇ. ವ್ಯತ್ಯಾಸ ಮುಕ್ಕಾಲು ಸೆಮಿಟೋನ್‌ನ ಹತ್ತಿರ ಬಂದರೆ ಆಡಿಯೊ ತಿದ್ದುವ ಅಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಒಟ್ಟಿಗೆ ಇಳಿಸುವ ಆಯ್ಕೆ ತೆಗೆದು 0.960 ಕೊಡಿ. ವೇಗ ಮಾತ್ರ ಬದಲಾಯಿಸುವ ಆಯ್ಕೆಗೆ ಹೋದರೆ ಶ್ರುತಿ ಇದ್ದಲ್ಲೇ ಇರ್ತದೆ.

ಇನ್ನೊಂದು ಮಾತು. ಟಿವಿಯ ಪ್ರತಿ ಫ್ರೇಮು ಎರಡು ಫೀಲ್ಡ್‌ನದ್ದು, ಒಂದರಲ್ಲಿ ಬೆಸ ಗೆರೆ, ಇನ್ನೊಂದರಲ್ಲಿ ಸಮ ಗೆರೆ (ಇಂಟರ್‌ಲೇಸ್). ಇದನ್ನು ಬಿಡಿಸುವ ಡಿಇಂಟರ್‌ಲೇಸ್ ಫಿಲ್ಟರ್ ಕಣ್ಣು ಮುಚ್ಚಿ ಹಾಕುವವರೇ ಜಾಸ್ತಿ. ಫಿಲ್ಮಿನಿಂದ 25ಕ್ಕೆ ಮಾಡಿದ ಟೇಪಿನಲ್ಲಿ ಎರಡೂ ಫೀಲ್ಡ್ ಒಂದೇ ಫ್ರೇಮಿನದ್ದು, ಜೋಡಿಸಿದರೆ ಪೂರ್ತಿ ಚಿತ್ರ ಸಿಗ್ತದೆ. ಕಾರು ಓಡುವ ದೃಶ್ಯ ಒಂದೊಂದೇ ಫ್ರೇಮ್ ಸರಿಸಿ ನೋಡಿ. ಬಾಚಣಿಗೆ ಗೆರೆ ಇಲ್ಲವಾದರೆ ಏನೂ ಮಾಡಬೇಡಿ. ಪ್ರತಿ ಫ್ರೇಮಿನಲ್ಲೂ ಇದ್ದರೆ ಜೋಡಿ ಒಂದು ಫೀಲ್ಡ್ ಸರಿದಿದೆ, ಅವಿಸಿಂತ್ ಸಾಫ್ಟ್‌ವೇರಿನ ಟಿಎಫ್‌ಎಂ ಫಿಲ್ಟರ್ ಸರಿಜೋಡಿ ಹುಡುಕಿ ಕೊಡ್ತದೆ. ಕ್ಯಾಸೆಟ್ ಕಂಪನಿಯ ಓಡುವ ಅಕ್ಷರಗಳು ಮಾತ್ರ ನಿಜವಾದ ಇಂಟರ್‌ಲೇಸ್, ಅವು ಗೆರೆಗೆರೆ ಕಂಡರೆ ಬಿಡಿ.

ಕಟಪಾಡಿ_ವಿಸಿಆರ್

ಟೇಪು ಕ್ಲೀನ್ ಆಯ್ತು. ಸ್ವರ ಹೋಲಿಸಿದೆ, ಏರಿದ್ದು ಹೌದು, 0.96ಕ್ಕೆ ಕೂತಿತು. ಆಡಿಯೊ ಸ್ಟಿಕ್‌ಗೆ ಕೊಟ್ಟ ಮೇಲೆ ತಾಳವೂ ಸರಿ. ಒಂದು ಹೊಡೆದಾಟದ ನಡುವೆ ಟೇಪು ಮಡಚಿ ಕೆಲವು ಸೆಕೆಂಡ್ ಬರೀ ಗೆರೆ. ದನಿಯಲ್ಲಿ ಗೊರಗೊರ ಬರ್ತದೆ, ಅದೂ ಎಡಗಡೆ ಮಾತ್ರ ಜೋರು. ವಿಸಿಡಿ ಉಂಟು, ಅದರಿಂದ ತುಂಡು ತೆಗೆದು ಸೇರಿಸಬಹುದಾ? ಅದರಲ್ಲಿ ಚಿತ್ರ ಇರುವ ಡಿಎಟಿ ಫೈಲ್ ಕಾಪಿ ಮಾಡುವಾಗ ಅರ್ಧಕ್ಕೆ ನಿಲ್ತದೆ.

ಬಿಜೈ ಬೆಂಚ್

ಗೊರಗೊರ ಹೈ-ಫೈ ಟ್ರ್ಯಾಕಿನದ್ದು (ತಿರುಗುವ ಡ್ರಮ್ಮೇ ಓದುವ ದನಿ), ಟ್ರ್ಯಾಕಿಂಗ್ ತುಸು ತಪ್ಪಿದರೂ ಬರ್ತದೆ. ವಿಸಿಆರ್‌ನ ಆಡಿಯೊ ಆಯ್ಕೆಯನ್ನು ‘ನಾರ್ಮಲ್’ ಅಥವಾ ‘ಮೋನೊ’ಗೆ ಇಡಿ, ಟೇಪಿನ ಅಂಚಿನ ಟ್ರ್ಯಾಕ್ ಓದ್ತದೆ. ಹಿಸ್ ಸ್ವಲ್ಪ ಜಾಸ್ತಿ, ಆದರೆ ಗೊರಗೊರ ಹೋಗ್ತದೆ. ಆಮೇಲೂ ಒಂದೇ ಬದಿ ಕೇಳಿದರೆ ಅಡಾಸಿಟಿಯಲ್ಲಿ ಒಳ್ಳೆಯ ಚಾನೆಲ್ ಇಟ್ಟುಕೊಂಡು ಮೋನೊ ಮಾಡಿ.

ಐವತ್ತು ಫೀಲ್ಡ್

ಸೇರಿಸಬಹುದು. ಮಾಮೂಲಿ ಕಾಪಿಯಲ್ಲಿ ನಿಲ್ಲುವುದಕ್ಕೆ ಕಾರಣ, ವಿಸಿಡಿಯ ವಿಡಿಯೊ ಸೆಕ್ಟರ್‌ಗಳಲ್ಲಿ ಡೇಟಾ ಸಿಡಿಗೆ ಇರುವ ಹೆಚ್ಚುವರಿ ದೋಷ ತಿದ್ದುವ ಭಾಗ ಇಲ್ಲ. ಸಣ್ಣ ಗೀರಿಗೂ ವಿಂಡೋಸ್ ಕೈ ಬಿಡ್ತದೆ. ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರ ಒರಸಿ, ಸುತ್ತಲೂ ಅಲ್ಲ. ಡಿಸ್ಕ್ ಓದುವ ಸಾಫ್ಟ್‌ವೇರ್ ಐಸೊಬಸ್ಟರ್‌ನಲ್ಲಿ ತೆರೆದು ಎಂಪಿಇಜಿಎವಿ ಫೋಲ್ಡರಿನ ಮೊದಲ ಫೈಲನ್ನು ತಪ್ಪಿದ ಸೆಕ್ಟರ್ ಬಿಟ್ಟು ಮುಂದೆ ಹೋಗುವಂತೆ ತೆಗೆಯಿರಿ. ಡಿಎಟಿ ಹೆಸರು ಬದಲಾಯಿಸಿ ಎಂಪಿಜಿ ಮಾಡಿದರೆ ಸಾಲದು, ವಿಸಿಡಿಗಿಯರ್ ಸಾಫ್ಟ್‌ವೇರಿನಲ್ಲಿ ಹೊರಕವಚ ಕಳಚಿ.

ವಿಸಿಡಿ 352×288 ಮಾತ್ರ. 720×576ಕ್ಕೆ ಹಿಗ್ಗಿಸಿದಾಗ ಮಸುಕು ಗೊತ್ತಾಗ್ತದೆ, ಆದ್ದರಿಂದ ಹಾಳಾದ ಶಾಟನ್ನು ಶುರುವಿನಿಂದ ಕೊನೆಯವರೆಗೆ ವಿಸಿಡಿಯದ್ದೇ ಹಾಕಿ. ಶಾಟಿನ ನಡುವೆ ಬದಲಾಯಿಸಿದರೆ ಕಣ್ಣಿಗೆ ಹೊಡೀತದೆ. ಆಡಿಯೊ ಟೇಪಿನದ್ದು ಚೆನ್ನಾಗಿದ್ದರೆ ಅದನ್ನು ಮುಟ್ಟಬೇಡಿ. 24ಕ್ಕೆ ಇಳಿಸುವುದು ಜೋಡಿಸಿದ ಮೇಲೆ. ಕೊನೆಯ ಫೈಲ್ 4:3ರಲ್ಲೇ ಇರಲಿ, ಕಾರಿನ ಚಕ್ರ ದುಂಡಗೆ ಕಾಣಬೇಕು. ಟಿವಿ ರಿಮೋಟಿನ ಝೂಮ್ ಒತ್ತಿದರೆ ಎಲ್ಲರ ತಲೆ ಹೋಗ್ತದೆ.

ಬಿಜೈ ಬೆಂಚ್

ಕ್ಯಾಸೆಟ್ ಒಳಗಿಡುವ ಮೊದಲು ಒಂದು ಸಲ ಕೊನೆವರೆಗೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಡಬ್ಬಕ್ಕೆ ಹೊಸ ಜೆಲ್ ಹಾಕಿ. ಹಳೆಯ ರಟ್ಟಿನ ಕವರ್ ಅದೇ ಡಬ್ಬಕ್ಕೆ ಬೇಡ, ಬೂಷ್ಟು ಅದರಲ್ಲೂ ಕೂತಿರ್ತದೆ.