ಸ್ನಾಯು, ಪೇಶಿ, ನರ: ಯಾವುದಕ್ಕೆ ಯಾವ ಹೆಸರು?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಒಂದು ತಾಲೀಮಿನ (ಕುಸ್ತಿ ಗರಡಿಯ) ಹುಡುಗರಿಗಾಗಿ ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ನಾನು ಫಿಜಿಯೋಥೆರಪಿ ಮಾಡುವವಳು. ಕುಸ್ತಿಯಲ್ಲಿ ಏನು ಜಗ್ಗಿದರೆ ಏನಾಗುತ್ತದೆ, ಯಾವುದಕ್ಕೆ ಎಷ್ಟು ಬಿಡುವು ಬೇಕು ಅಂತ ಹುಡುಗರಿಗೆ ತಿಳಿಯಬೇಕು. ಅದಕ್ಕೆ ಮಸಲ್, ಅದನ್ನು ಎಲುಬಿಗೆ ಹಚ್ಚುವ ಟೆಂಡನ್, ಎಲುಬಿಗೆ ಎಲುಬನ್ನು ಬಿಗಿಯುವ ಲಿಗಮೆಂಟ್ ಈ ಮೂರಕ್ಕೆ ಮೂರು ಬೇರೆ ಬೇರೆ ಪದ ಬೇಕು. ನಿಘಂಟಿನಲ್ಲಿ ಬೇಕಾದಷ್ಟಿವೆ. ಜನರ ಬಾಯಲ್ಲಿ ಇರುವುದು ಮಾತ್ರ ಒಂದೇ: ನರ.

ಕುತ್ತಿಗೆ ತಿರುಗಿಸಲು ಆಗದಿದ್ದರೆ ನರ ಹಿಡಿಯಿತು. ಹಿಮ್ಮಡಿಯ ಮೇಲೆ ನೋವಾದರೆ ನರ ಜಗ್ಗಿತು. ಕೈಮೇಲೆ ಹಸಿರಾಗಿ ಕಾಣುವ ರಕ್ತನಾಳವೂ ನರ, ಸಲಾಯಿನ್ ಹಚ್ಚಲು ನರ್ಸ್ ಹುಡುಕುವುದೂ ನರ. ಮಿದುಳಿನಿಂದ ಸುದ್ದಿ ಒಯ್ಯುವ ನಿಜವಾದ ನರದ ಪಾಲಿಗೆ ಉಳಿದಿರುವುದು ನರದೌರ್ಬಲ್ಯವೊಂದೇ!

ಬನದ ಹುಣ್ಣಿಮೆ ಮುಗಿದ ಮೇಲೆ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗಿ ಬಂದವರು ನಮ್ಮಲ್ಲಿಗೆ ಬರುತ್ತಾರೆ. "ಡಾಕ್ಟರ್‌ಬಾಯಿ, ನರದ ಮ್ಯಾಲ ನರ ಏರೈತ್ರಿ" ಅನ್ನುತ್ತಾರೆ. "ಎಲ್ಲಿ ಕಾಕಾ?" ಅಂದರೆ ಧೋತರ ಮೇಲೆ ಸರಿಸಿ ಮೀನಖಂಡ ತೋರಿಸುತ್ತಾರೆ. ಬೆರಳಿಟ್ಟು ಒತ್ತಿದರೆ ಒಳಗೆ ಗಟ್ಟಿ ಗಂಟು ಸಿಗುತ್ತದೆ. ನರ ಯಾವುದರ ಮೇಲೂ ಏರಿರುವುದಿಲ್ಲ. ಬಿಗಿದ ಸ್ನಾಯು ಸಡಿಲವಾಗದೆ ಹಾಗೇ ನಿಂತಿರುತ್ತದೆ, ಅಷ್ಟೆ. ಕಾಲು ಚಾಚಿ, ಪಾದದ ಬೆರಳುಗಳನ್ನು ಮೈಕಡೆ ಎಳೆದು ಹಿಡಿದರೆ ನಿಧಾನವಾಗಿ ಬಿಡುತ್ತದೆ.

ಆದರೂ ಆ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸ್ನಾಯುವಿನ ಒಂದೊಂದು ಎಳೆಯೊಳಗೂ ಇನ್ನೂ ಸಣ್ಣ ಎರಡು ಬಗೆಯ ಎಳೆಗಳಿರುತ್ತವೆ. ದಪ್ಪನೆಯದು ಮಯೋಸಿನ್, ತೆಳ್ಳನೆಯದು ಆಕ್ಟಿನ್. ಸ್ನಾಯು ಬಿಗಿದಾಗ ಈ ಎಳೆಗಳು ಗಿಡ್ಡವಾಗುವುದಿಲ್ಲ. ಒಂದರ ಪಕ್ಕಕ್ಕೆ ಒಂದು ಸರಿದು ಒಳಗೆ ಸೇರಿಕೊಳ್ಳುತ್ತವೆ, ಒಟ್ಟು ಉದ್ದ ಕಡಿಮೆಯಾಗುತ್ತದೆ. 1954ರಲ್ಲಿ ವಿಜ್ಞಾನಿಗಳ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿಕೊಟ್ಟವು. ಅಂದರೆ ಎಳೆಯ ಮೇಲೆ ಎಳೆ ಏರುವುದು ಸುಳ್ಳಲ್ಲ. ನೋವಿದ್ದಾಗ ಮಾತ್ರ ಅಲ್ಲ, ಚಹಾದ ಕಪ್ಪು ಎತ್ತಿದಾಗಲೂ ಏರುತ್ತದೆ. ಕಷ್ಟ ಇರುವುದು ಏರಿದ್ದು ಇಳಿಯದಿದ್ದಾಗ. ಇಳಿಯುವುದಕ್ಕೂ ಶಕ್ತಿ ಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮಯೋಸಿನ್ ತನ್ನ ಹಿಡಿತ ಬಿಡಬೇಕಾದರೆ ಎಟಿಪಿ ಎಂಬ ಶಕ್ತಿಯ ಕಣ ಬಂದು ಕೂರಬೇಕು. ಸತ್ತ ಕೆಲವು ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುವುದು ಇದಕ್ಕೇ. ಎಟಿಪಿ ಮುಗಿದಿರುತ್ತದೆ, ಹಿಡಿದದ್ದು ಹಿಡಿದಂತೆಯೇ ಉಳಿಯುತ್ತದೆ.

ಈಗ ತಕರಾರಿಗೆ ಬರುತ್ತೇನೆ. ಕೈಪಿಡಿಯ ಮೊದಲ ಕರಡನ್ನು ಆಯುರ್ವೇದ ಓದಿದ ಗೆಳತಿಗೆ ತೋರಿಸಿದೆ. "ಮಸಲ್‌ಗೆ ಸ್ನಾಯು ಅಂತ ಯಾಕೆ ಬರೀತಿ? ಪೇಶಿ ಅನ್ನು" ಅಂದಳು. ಹಳೆಯ ಲೆಕ್ಕದಲ್ಲಿ ಅವಳ ಮಾತು ಸರಿ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಪೇಶಿಗಳು 500, ಸ್ನಾಯುಗಳು 900 ಅಂತ ಬೇರೆ ಬೇರೆ ಎಣಿಕೆ ಇದೆ. ಹಲಗೆಗಳನ್ನು ಹಗ್ಗದಿಂದ ಬಿಗಿದ ದೋಣಿ ನೀರಿನಲ್ಲಿ ಭಾರ ಹೊರುವ ಹಾಗೆ, ಕೀಲುಗಳಲ್ಲಿ ಸ್ನಾಯುಗಳಿಂದ ಬಿಗಿದ ಮೈ ಭಾರ ಹೊರುತ್ತದೆ ಅನ್ನುವ ಮಾತು ಅಲ್ಲೇ ಬರುತ್ತದೆ. ಹಾಗಾದರೆ ಸ್ನಾಯು ಅಂದರೆ ಕಟ್ಟುವ ವಸ್ತು. ಇವತ್ತಿನ ಲಿಗಮೆಂಟ್, ಟೆಂಡನ್ ಆ ಕಡೆಗೇ ಬೀಳುತ್ತವೆ. ಸಂಸ್ಕೃತದಲ್ಲಿ ಬಿಲ್ಲಿನ ಹೆದೆಗೂ ಸ್ನಾಯು ಅನ್ನುವುದುಂಟು.

ಆದರೆ ಪದ ಹೊರಟ ಊರು ಒಂದು, ಬಂದು ನೆಲೆಸಿದ ಊರು ಇನ್ನೊಂದು. ಬಂಗಾಳಿಯಲ್ಲಿ ಸ್ನಾಯು ಅಂದರೆ ನರ್ವ್. ಹಿಂದಿಯವರು ಮಸಲ್‌ಗೆ ಪೇಶಿ, ಮಾಂಸಪೇಶಿ ಅನ್ನುತ್ತಾರೆ. ಮರಾಠಿಯವರು ನಮ್ಮ ಹಾಗೇ ಸ್ನಾಯು ಅನ್ನುತ್ತಾರೆ, ಪೇಶಿಯನ್ನು ಜೀವಕೋಶಕ್ಕೆ ಕೊಟ್ಟುಬಿಟ್ಟಿದ್ದಾರೆ. ನಮ್ಮ ತಾಲೀಮಿನಲ್ಲಿ ಬೈಲಹೊಂಗಲದ ಹುಡುಗ ಇದ್ದಾನೆ, ನಿಪ್ಪಾಣಿ ಕಡೆಯಿಂದ ಬಂದು ಮರಾಠಿ ಶಾಲೆಯಲ್ಲಿ ಓದಿದವನೂ ಇದ್ದಾನೆ. ಇಬ್ಬರೂ ಒಂದೇ ಮಣ್ಣಿನಲ್ಲಿ ಉರುಳುತ್ತಾರೆ. "ಪೇಶಿ ಹರಿದಿದೆ" ಅಂತ ಬರೆದರೆ ಒಬ್ಬನಿಗೆ ಏನೂ ತಿಳಿಯುವುದಿಲ್ಲ, ಇನ್ನೊಬ್ಬನಿಗೆ ಜೀವಕೋಶ ಹರಿದ ಹಾಗೆ ಕಾಣುತ್ತದೆ. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಈ ಕಷ್ಟ ಇಲ್ಲ. ಸ್ನಾಯುವನ್ನು ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಾಂಸಖಂಡ ಅನ್ನಬಹುದಲ್ವಾ ಅಂತ ಕೆಲವರು ಕೇಳಿಯಾರು. ಅದು ಚೆನ್ನಾಗಿದೆ, ರಟ್ಟೆಗೂ ತೊಡೆಗೂ ಒಪ್ಪುತ್ತದೆ. ಆದರೆ ಕರುಳಿನ ಗೋಡೆಯಲ್ಲಿ, ರಕ್ತನಾಳದ ಸುತ್ತ, ಕಣ್ಣಿನ ಪಾಪೆಯ ಸುತ್ತ ಇರುವುದನ್ನು ಖಂಡ ಅಂದರೆ ನಗು ಬರುತ್ತದೆ. ಚಳಿಗೆ ಮೈಮೇಲೆ ಮುಳ್ಳು ಏಳುತ್ತವಲ್ಲ, ಆಗ ಒಂದೊಂದು ಕೂದಲನ್ನು ಎತ್ತಿ ನಿಲ್ಲಿಸುವುದೂ ಕಣ್ಣಿಗೆ ಕಾಣದಷ್ಟು ಸಣ್ಣ ಸ್ನಾಯುವೇ.

ಖಂಡದ ಮಾತು ಬಂತು ಅಂತ ಒಂದು ಅಡ್ಡ ಮಾತು. ಮಸಲ್ ಅನ್ನುವುದು ಲ್ಯಾಟಿನ್ನಿನ 'ಪುಟ್ಟ ಇಲಿ' ಅನ್ನುವ ಪದದಿಂದ ಬಂದದ್ದು. ಚರ್ಮದ ಕೆಳಗೆ ಓಡಾಡುವುದನ್ನು ಅವರು ಇಲಿ ಅಂದುಕೊಂಡರು. ನಮ್ಮವರು ಕಾಲಿನ ಹಿಂಭಾಗದಲ್ಲಿ ಮೀನು ಕಂಡರು. ಮೀನಖಂಡ ಎಷ್ಟು ಒಳ್ಳೆಯ ಪದ! ನಡುವೆ ಉಬ್ಬಿ, ಕೆಳಗೆ ಬಾಲದ ಹಾಗೆ ಸಣ್ಣದಾಗಿ, ಹಿಮ್ಮಡಿಗೆ ಹೋಗಿ ಸೇರುತ್ತದೆ. ಇದನ್ನು ಕೈಪಿಡಿಯಲ್ಲಿ ಹಾಗೇ ಇಟ್ಟಿದ್ದೇನೆ.

ಪಠ್ಯಪುಸ್ತಕದ ಪದಗಳಲ್ಲಿ ನನಗೆ ಜಾಸ್ತಿ ತೊಂದರೆ ಕೊಟ್ಟದ್ದು ಐಚ್ಛಿಕ ಮತ್ತು ಅನೈಚ್ಛಿಕ ಸ್ನಾಯು, ಅಂದರೆ ನಾವು ಹೇಳಿದಂತೆ ಕೇಳುವವು ಮತ್ತು ತಮ್ಮಷ್ಟಕ್ಕೆ ದುಡಿಯುವವು. ಕಾಲೇಜಿನ ಹುಡುಗರಿಗೆ ಐಚ್ಛಿಕ ಅಂದರೆ ಐಚ್ಛಿಕ ಕನ್ನಡ, ಐಚ್ಛಿಕ ಇತಿಹಾಸ. ಬೇಕಾದರೆ ತೆಗೆದುಕೋ, ಬೇಡವಾದರೆ ಬಿಡು. ಐಚ್ಛಿಕ ಸ್ನಾಯುವನ್ನು ಬಿಟ್ಟರೆ ಪೈಲ್ವಾನನ ಗತಿ ಏನು? ತಮಾಷೆ ಬಿಡಿ, ಈ ವಿಂಗಡಣೆಯೇ ಅಷ್ಟು ಚೊಕ್ಕವಾಗಿಲ್ಲ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯನ್ನೇ ನೋಡಿ. ರಚನೆಯಲ್ಲಿ ಅದು ರಟ್ಟೆಯ ಸ್ನಾಯುವಿನ ಜಾತಿಯದೇ. ನಾವು ಉಸಿರು ಬಿಗಿಹಿಡಿದರೆ ನಮ್ಮ ಮಾತು ಕೇಳುತ್ತದೆ. ನಿದ್ದೆಯಲ್ಲಿ ನಮ್ಮನ್ನು ಕೇಳದೆ ದುಡಿಯುತ್ತದೆ. ಬಿಕ್ಕಳಿಕೆ ಬಂದಾಗಂತೂ ಯಾರ ಮಾತೂ ಕೇಳುವುದಿಲ್ಲ. ಅದಕ್ಕೇ ನಾನು ಎಲುಬಿನ ಸ್ನಾಯು, ನುಣುಪು ಸ್ನಾಯು (ಕರುಳು, ರಕ್ತನಾಳಗಳಲ್ಲಿ ಇರುವುದು), ಗುಂಡಿಗೆಯ ಸ್ನಾಯು ಅಂತ ಬರೆದಿದ್ದೇನೆ. ಎಲುಬಿನದಕ್ಕೆ ಪಟ್ಟೆ ಸ್ನಾಯು ಅನ್ನಬಹುದಿತ್ತು, ಆದರೆ ಸೂಕ್ಷ್ಮದರ್ಶಕದಲ್ಲಿ ಗುಂಡಿಗೆಯ ಸ್ನಾಯುವಿನಲ್ಲೂ ಪಟ್ಟೆ ಕಾಣುತ್ತವೆ. ತಾಲೀಮಿನಲ್ಲಿ ದಂಡ, ಬಸ್ಕಿ ಹೊಡೆದು ಬೆಳೆಸುವುದು ಎಲುಬಿನ ಸ್ನಾಯುಗಳನ್ನು. ಅವು 600ಕ್ಕೂ ಹೆಚ್ಚಿವೆ, ಗಂಡಸರ ಮೈತೂಕದಲ್ಲಿ ಸುಮಾರು ಶೇ. 40ರಷ್ಟು ಅವೇ.

ಗುಂಡಿಗೆಯ ಹೆಸರನ್ನು ಬೇರೆಯಾಗಿ ಇಟ್ಟದ್ದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಕಡೆ ಎದೆ ನೋವಿಗೂ "ಎದಿ ನರ ಹಿಡ್ಕೊಂಡೈತಿ" ಅಂತಾರೆ. ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಎದೆ ಬಿಗಿದು, ನೋವು ಎಡಗೈಗೋ ದವಡೆಗೋ ಹರಿದು, ಬೆವರು ಬಂದರೆ ಅದು ತಿಕ್ಕುವ ನೋವಲ್ಲ, ತಕ್ಷಣ ದವಾಖಾನೆಗೆ ಹೋಗಬೇಕು. ರಟ್ಟೆಯ ಸ್ನಾಯು ಸ್ವಲ್ಪ ಹರಿದರೆ ಕೂಡಿಕೊಳ್ಳುತ್ತದೆ. ರಕ್ತ ಸಿಗದೆ ಸತ್ತ ಗುಂಡಿಗೆಯ ಸ್ನಾಯು ಮತ್ತೆ ಬೆಳೆಯುವುದು ತೀರಾ ಕಡಿಮೆ, ಆ ಜಾಗದಲ್ಲಿ ಕಲೆ ಉಳಿಯುತ್ತದೆ. ನರ ಅನ್ನುವ ಒಂದು ಪದ ಇಲ್ಲಿ ಸುಮ್ನೆ ಹೊತ್ತು ಕಳೆಯುತ್ತದೆ. ಲಕ್ವಾದಲ್ಲೂ ಹೀಗೇ. ಕೈ ಬಿದ್ದದ್ದು ಕಾಣುತ್ತದೆ, ಪೆಟ್ಟು ಬಿದ್ದಿರುವುದು ಮಿದುಳಿಗೆ. ಕೈಗೆ ಎಣ್ಣೆ ಹಚ್ಚುತ್ತಾ ಕೂರುತ್ತಾರೆ.

ಬಿಡಿ ಸ್ನಾಯುಗಳ ಹೆಸರಲ್ಲೂ ತೊಡಕಿದೆ. ಬೈಸೆಪ್ಸ್‌ಗೆ ಪುಸ್ತಕದಲ್ಲಿ ದ್ವಿಶಿರ ಅಂತ ಇದೆ, ಎರಡು ತಲೆಯದು ಅಂತ ಅರ್ಥ. ಮರಾಠಿ ಬಲ್ಲ ಕಿವಿಗೆ ಅದು 'ಶೀರ್' ಅಂತ ಕೇಳುತ್ತದೆ. ಶೀರ್ ಅಂದರೆ ರಕ್ತನಾಳ. ಮತ್ತೆ ನರಕ್ಕೇ ಬಂದು ನಿಂತೆವು! ಹಾಗಾಗಿ 'ರಟ್ಟೆಯ ಮುಂದಿನ ಸ್ನಾಯು', 'ರಟ್ಟೆಯ ಹಿಂದಿನ ಸ್ನಾಯು' ಅಂತಷ್ಟೇ ಬರೆದೆ. ಸ್ನಾಯುವಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ ಅನ್ನುವುದೂ ಇದರಲ್ಲೇ ತಿಳಿಯುತ್ತದೆ. ಮುಂದಿನದು ಎಳೆದರೆ ಮೊಣಕೈ ಮಡಚುತ್ತದೆ, ಹಿಂದಿನದು ಎಳೆದರೆ ನೆಟ್ಟಗಾಗುತ್ತದೆ. ಎದುರಾಳಿಯನ್ನು ತಳ್ಳುವಾಗಲೂ ಒಳಗೆ ನಡೆಯುವುದು ಎಳೆತವೇ.

ಉಳಿದದ್ದು ಟೆಂಡನ್ ಮತ್ತು ಲಿಗಮೆಂಟ್. ಸ್ನಾಯುವನ್ನು ಎಲುಬಿಗೆ ಹಚ್ಚುವುದು ಟೆಂಡನ್, ಎಲುಬಿಗೆ ಎಲುಬನ್ನು ಬಿಗಿಯುವುದು ಲಿಗಮೆಂಟ್. ಪುಸ್ತಕದಲ್ಲಿ ಸ್ನಾಯುರಜ್ಜು, ಅಸ್ಥಿರಜ್ಜು ಅಂತಿವೆ. ಎರಡಕ್ಕೂ ಬಾಲ ಒಂದೇ, ಹುಡುಗರು ಅದಲು ಬದಲು ಮಾಡುತ್ತಾರೆ. ಹಾಗೆ ಮಾಡಿದರೆ ನಡೆಯುವುದಿಲ್ಲ. ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಸ್ವಲ್ಪ ಹರಿದದ್ದು ಕೆಲವೇ ವಾರಗಳಲ್ಲಿ ಮಾಯುತ್ತದೆ. ಇವೆರಡಕ್ಕೆ ರಕ್ತ ಕಡಿಮೆ, ತಿಂಗಳುಗಟ್ಟಲೆ ಬೇಕು. ಮಂಡಿಯ ಒಳಗೆ ಅಡ್ಡಡ್ಡ ಇರುವ ಲಿಗಮೆಂಟ್ ಪೂರ್ತಿ ಹರಿದರೆ ತಾನಾಗಿ ಕೂಡುವುದು ಕಷ್ಟ. "ನರ ಜಗ್ಗೈತಿ, ಎಂಟು ದಿನದಾಗ ಆರಾಮ ಆಕ್ಕೈತಿ" ಅಂತ ಉಸ್ತಾದರು ಹೇಳಿದ್ದನ್ನು ನಂಬಿ ಅದೇ ಕಾಲಿನಲ್ಲಿ ಕಣಕ್ಕೆ ಇಳಿಯುವವರಿದ್ದಾರೆ.

ಟೆಂಡನ್‌ಗೆ 'ಹುರಿ' ಹೇಗೆ? ನೂಲಿನ ಹುರಿ ಎಲ್ಲರಿಗೂ ಗೊತ್ತು. ಹಿಮ್ಮಡಿಯ ಹುರಿ ಅಂದರೆ ಮುಟ್ಟಿ ನೋಡಿಕೊಳ್ಳಬಹುದು. ಆದರೆ ಹುರಿಗಟ್ಟಿದ ಮೈ, ಹುರಿಯಾಳು ಅನ್ನುವಾಗ ನಮ್ಮ ಮನಸ್ಸಿಗೆ ಬರುವುದು ಸ್ನಾಯು. ಇದು ಗೊಂದಲ ಮಾಡೀತಾ?

ಲಿಗಮೆಂಟ್‌ಗೆ ಮೊದಲು 'ಕೀಲುಕಟ್ಟು' ಅಂತ ಬರೆದು ಒಬ್ಬ ಹುಡುಗನಿಗೆ ಓದಲು ಕೊಟ್ಟೆ. "ಮಂಡಿಯ ಕಟ್ಟು ಹರಿದರೆ" ಅನ್ನುವ ಸಾಲಿಗೆ ಬಂದು ನಿಂತ. "ಹರದ್ರ ಮತ್ತೊಮ್ಮೆ ಕಟ್ಟಿಸಿದ್ರ ಆತಲ್ರೀ ಅಕ್ಕಾ" ಅಂದ. ಎಲುಬು ಕೂಡಿಸುವವರು ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಾರಲ್ಲ, ಅವನು ತಿಳಿದದ್ದು ಆ ಕಟ್ಟನ್ನು. ಹಾಗಾಗಿ ಅದನ್ನು ಹೊಡೆದು ಹಾಕಿದೆ. ಈಗ 'ಕೀಲುನಾರು' ಅಂತ ಇಟ್ಟಿದ್ದೇನೆ. ಸೆಣಬಿನ ನಾರು, ಬಾಳೆಯ ನಾರು ಕಂಡವರಿಗೆ ಇದು ಒಗ್ಗಬಹುದು. ಆದರೆ ಫೈಬರ್‌ಗೂ ನಾರು ಅನ್ನುತ್ತೇವೆ.

ಬಲ್ಲವರು ದಯವಿಟ್ಟು ತಿಳಿಸಿ. ಮಟನ್ ಅಂಗಡಿಯಲ್ಲಿ ಬೇಯದೆ ಉಳಿಯುವ ಬಿಳಿಯ ಭಾಗಕ್ಕೆ ಬಾಗಲಕೋಟೆ, ವಿಜಯಪುರದ ಕಡೆ ನರ ಅಂತಲೇ ಅಂತಾರಾ, ಬೇರೆ ಪದ ಇದೆಯಾ? ದನಗಳಿಗೆ ಮದ್ದು ಮಾಡುವವರ ಬಾಯಲ್ಲಿ ಟೆಂಡನ್‌ಗೆ ಏನಾದರೂ ಹೆಸರು ಕೇಳಿದ್ದೀರಾ? ಮುಧೋಳ, ಜಮಖಂಡಿ ಕಡೆಯ ಗರಡಿಗಳಲ್ಲಿ ಹಳೆಯ ಪೈಲ್ವಾನರು ತೊಡೆಯ ಮುಂದಿನದು, ಬೆನ್ನಿನದು ಅಂತ ಒಂದೊಂದು ಖಂಡಕ್ಕೂ ಹೆಸರಿಟ್ಟು ಕರೆಯುತ್ತಿದ್ದರೆ ಅವೂ ಬೇಕು. ಸಂಸ್ಕೃತದಿಂದ ಹೊಸದಾಗಿ ಕಟ್ಟಿದ ಪದ ಸದ್ಯಕ್ಕೆ ಬೇಡ, ಅಂಥವು ನನ್ನ ಹತ್ತಿರ ಸಾಕಷ್ಟಿವೆ.