ಸಹಾಯ ಬೇಕು: ಹೆಡಿಂಗ್ ನಂಬರ್ ಕೆಡುತ್ತಿದೆ, ಕನ್ನಡ ಫಾಂಟ್ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವರ್ಡ್‌ನಲ್ಲಿ ದೊಡ್ಡ ವರದಿಯೊಂದನ್ನು ಸಿದ್ಧ ಮಾಡುತ್ತಿದ್ದೇನೆ. ಟೆಂಪ್ಲೇಟ್ ಬೇರೆಯವರು ಕೊಟ್ಟದ್ದು. ಫೈಲ್ ಮುಚ್ಚಿ ತೆರೆದರೆ ಸಾಕು, 2.3 ಇದ್ದ ಹೆಡಿಂಗ್ 1.1 ಆಗಿರುತ್ತದೆ. ಕೆಲವು ಕಡೆ ನಂಬರ್ ಜಾಗದಲ್ಲಿ ಬರೀ ಕಪ್ಪು ಚೌಕ!

ಕನ್ನಡದ್ದು ಇನ್ನೂ ಜಾಸ್ತಿ ತಲೆನೋವು. ಸ್ಟೈಲ್‌ನಲ್ಲಿ (ಫಾಂಟ್, ಗಾತ್ರ ಎಲ್ಲವನ್ನೂ ಒಟ್ಟಿಗೆ ಹೊಂದಿಸಿಡುವ ಜಾಗ) ನಿರ್ಮಲ ಫಾಂಟ್ ಇಟ್ಟರೂ ಅಕ್ಷರ ತುಂಗಾ ಅನ್ನೋ ಬೇರೆ ಫಾಂಟ್‌ನಲ್ಲೇ ಬರುತ್ತಿತ್ತು. ಇಂಗ್ಲಿಷ್ ಮಾತ್ರ ಸರಿಯಾಗಿತ್ತು. ಕನ್ನಡಕ್ಕೆ ಫಾಂಟ್ ಡೈಲಾಗ್‌ನ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಜಾಗದಲ್ಲೇ ಬದಲಿಸಬೇಕು ಅಲ್ವಾ, ಹಾಗೇ ಮಾಡಿದೆ. ಹೊಸ ಪ್ಯಾರಾಗಳು ಸರಿಹೋದವು, ಹಳೆಯವು ಜಪ್ಪಯ್ಯ ಅಂದರೂ ಬದಲಾಗುತ್ತಿಲ್ಲ. ಕಂಟ್ರೋಲ್ ಸ್ಪೇಸ್ ಒತ್ತಿದರೆ ಫಾಂಟ್ ಸರಿಹೋಗುತ್ತದೆ, ಆದರೆ ನಾನು ಹಾಕಿದ ಬೋಲ್ಡ್, ಇಟಾಲಿಕ್ ಎಲ್ಲವೂ ಅಳಿಸಿಹೋಗುತ್ತವೆ.

ಸ್ಟೈಲ್ ತಾನಾಗಿ ಅಪ್‌ಡೇಟ್ ಆಗುವ ಟಿಕ್ ತೆಗೆದಿದ್ದೇನೆ. ವರ್ಡ್ ತಾನಾಗಿ ಬಳಸುವ ನಾರ್ಮಲ್ ಟೆಂಪ್ಲೇಟನ್ನೂ ಹೊಸದು ಮಾಡಿದೆ.

ಬೋಲ್ಡ್ ಉಳಿಸಿಕೊಂಡು ಫಾಂಟ್ ಮಾತ್ರ ಬದಲಿಸುವುದು ಹೇಗೆ? ನಂಬರ್‌ಗಳನ್ನು ಹೆಡಿಂಗ್ ಸ್ಟೈಲ್‌ಗೆ ಮತ್ತೆ ಜೋಡಿಸಿದರೆ ನಿಲ್ಲುತ್ತವಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.