ಅಪ್‌ಡೇಟ್: ಮಾಲ್ಟ್ ಒಡೆಯಲು ಕೊನೆಗೆ ರೋಲರ್ ಮಿಲ್ಲೇ ತಗೊಂಡೆ

ಮೂರು ವಾರದ ಹಿಂದೆ ಕೇಳಿದ್ದೆ: ಇಲ್ಲಿ ಪೋರ್ಟ್‌ಲ್ಯಾಂಡಿನ ಮನೆಯಲ್ಲಿ ಬಿಯರ್ ಮಾಡುತ್ತೇನೆ, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಒಡೆಯಲು ಯಾವ ಮಿಲ್ ಕೊಳ್ಳಲಿ ಅಂತ.

ದುಡ್ಡು ಉಳಿಯುತ್ತೆ ಅಂತ ಮೊದಲು, ಮಿಕ್ಸಿಯಲ್ಲೇ ಒಡೆಯಿರಿ ಅನ್ನೋ ಸಲಹೆಯನ್ನೇ ಹಿಡಿದೆ. ಕೆಟ್ಟೆ! ಸಿಪ್ಪೆಯೂ ಪುಡಿಯಾಗಿ, ಬಿಸಿನೀರಿಗೆ ಬಿದ್ದದ್ದೇ ಗಂಜಿ ಥರ ಅಂಟಂಟಾಯಿತು. ಪಾತ್ರೆಯ ನಲ್ಲಿಯಿಂದ ಒಂದು ಹನಿಯೂ ಇಳಿಯಲಿಲ್ಲ. ಸಿಪ್ಪೆ ಇಡಿಯಾಗಿ ಉಳಿದರೆ ಅದೇ ಜರಡಿ, ಅಲ್ವಾ? ನನಗೆ ಹೊಳೆದೇ ಇರಲಿಲ್ಲ.

ಎರಡು ರೋಲರ್ ನಡುವೆ ಕಾಳು ಒಡೆಯುವ ಮಿಲ್ ತಗೊಳ್ಳಿ ಅಂದವರಿಗೆ ಥ್ಯಾಂಕ್ಸ್. ರೋಲರ್‌ಗಳ ನಡುವಿನ ಸಂದು 1 ಮಿ.ಮೀ. ಇಟ್ಟೆ. ಕ್ರೆಡಿಟ್ ಕಾರ್ಡ್ ತೂರಿಸಿ ಅಳೆಯುವ ಉಪಾಯ ಸರಿಹೋಗಲಿಲ್ಲ, ಕಾರ್ಡಿನ ದಪ್ಪ ಬರೀ 0.76 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ತಂದೆ. ಕೈಯಲ್ಲಿ ತಿರುಗಿಸಿ ರಟ್ಟೆ ಬಿದ್ದುಹೋಯಿತು. ಈಗ ಡ್ರಿಲ್ ಸಿಕ್ಕಿಸಿ ನಿಧಾನಕ್ಕೆ ಓಡಿಸುತ್ತೇನೆ.

ಗೊತ್ತಿರದ ಒಂದು ವಿಷಯ ಸಿಕ್ಕಿತು. ಒಡೆಯುವ ಮುಂಚೆ 5 ಕೆ.ಜಿ. ಮಾಲ್ಟಿಗೆ 100 ಮಿ.ಲೀ. ನೀರು ಚಿಮುಕಿಸಿ, ಕಲಸಿ, ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ, ಅಷ್ಟಾಗಿ ಚೂರಾಗುವುದಿಲ್ಲ. ಅವಲಕ್ಕಿಗೆ ನೀರು ಚಿಮುಕಿಸಿದ ಹಾಗೆ ಅಷ್ಟೇ, ಜಾಸ್ತಿ ಬೇಡ. ರೋಲರ್‌ಗೆ ತುಕ್ಕು ಹಿಡಿಯಬಾರದಲ್ಲ, ಅದಕ್ಕೆ ಕೊನೆಯಲ್ಲಿ ಒಂದು ಹಿಡಿ ಒಣ ಮಾಲ್ಟ್ ಓಡಿಸಿ ಬ್ರಶ್ಶಿನಲ್ಲಿ ಉಜ್ಜಿಡುತ್ತೇನೆ.